ಹರಾಜಿನ ಸುತ್ತಿಗೆ, ಸನ್ಮಾನದ ಶಾಲು

ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಪತ್ರಿಕೆ ಓದುವವರಿಗಿಂತ ಪತ್ರಿಕೆ ಹಿಡಿದು ಜಗಳವಾಡುವವರೇ ಹೆಚ್ಚು. ಡೊಂಬಿವಲಿಯಿಂದ ಬರುವವರು, ಗೋರೆಗಾಂವದಿಂದ ಬರುವವರು, ಮೀರಾ ರೋಡಿನಿಂದ ಎರಡು ಗಾಡಿ ಬದಲಾಯಿಸಿ ಬರುವವರು, ಎಲ್ಲರಿಗೂ ಅಲ್ಲೊಂದು ಕುರ್ಚಿಯಿದೆ, ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಮಳೆಗಾಲ ಕಳೆದು ಕ್ರಿಕೆಟ್ ಹರಾಜಿನ ಸುದ್ದಿ ಏಳುವ ಹೊತ್ತಿಗೆ ಈ ಜಗಳಕ್ಕೆ ರಂಗೇರುತ್ತದೆ. ಅಲ್ಲಿ ನಾನು ಕೆಲವು ವರ್ಷಗಳಿಂದ ಕೇಳುತ್ತ ಬಂದಿರುವ ದೂರುಗಳು ಎರಡು. ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ಕನ್ನಡಿಗರಿಗೆ ಸ್ಥಳವಿಲ್ಲ ಎಂಬುದು ಮೊದಲನೆಯದು. ಕ್ರಿಕೆಟ್ಟಿನ ಗೌರವದ ಪಟ್ಟಿಗಳಲ್ಲಿ ನಮ್ಮವರಿಗೆ ಅನ್ಯಾಯವಾಗಿದೆ ಎಂಬುದು ಎರಡನೆಯದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯ ದೂರು ಮುಂಬಯಿ ಕನ್ನಡಿಗರ ಬಾಯಲ್ಲಿ ಶೋಭಿಸುವಂಥದಲ್ಲ. ಎರಡನೆಯದು ನಿಜ, ಆದರೆ ಅದನ್ನು ಗಟ್ಟಿಯಾಗಿ ಹೇಳುವ ಮೊದಲು ನಾವು ನಮ್ಮ ಮನೆಯನ್ನು ಗುಡಿಸಿಕೊಳ್ಳಬೇಕು. ಇದನ್ನು ಓದಿ ಕೆಲವು ಮಿತ್ರರಿಗೆ ಸಿಟ್ಟು ಬಂದೀತು. ಬರಲಿ. ಬರುವ ಭಾನುವಾರ ಅದೇ ಕುರ್ಚಿಯಲ್ಲಿ ನಾನು ಸಿಗುತ್ತೇನೆ.

ದೂರಿಗೆ ಆಧಾರವಿಲ್ಲವೆಂದು ನಾನು ಹೇಳುತ್ತಿಲ್ಲ. 2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯದ ಜಿದ್ದಾದಲ್ಲಿ ಐಪಿಎಲ್ ಹರಾಜು ನಡೆಯಿತು. ರಿಷಭ್ ಪಂತ್ 27 ಕೋಟಿಗೆ ಲಖನೌ ತಂಡಕ್ಕೂ, ನಮ್ಮ ಮುಂಬಯಿಯ ಶ್ರೇಯಸ್ ಅಯ್ಯರ್ 26.75 ಕೋಟಿಗೆ ಪಂಜಾಬಿಗೂ ಹೋದರು. ಕನ್ನಡಿಗರ ಪೈಕಿ ಕೆ. ಎಲ್. ರಾಹುಲ್ 14 ಕೋಟಿಗೆ ದಿಲ್ಲಿಗೆ, ಪ್ರಸಿದ್ಧ ಕೃಷ್ಣ 9.5 ಕೋಟಿಗೆ ಗುಜರಾತಿಗೆ, ಅಭಿನವ್ ಮನೋಹರ್ 3.2 ಕೋಟಿಗೆ ಹೈದರಾಬಾದಿಗೆ, ವೈಶಾಖ್ ವಿಜಯಕುಮಾರ್ 1.8 ಕೋಟಿಗೆ ಪಂಜಾಬಿಗೆ, ಮನೀಷ್ ಪಾಂಡೆ 75 ಲಕ್ಷಕ್ಕೆ ಕೋಲ್ಕತ್ತಕ್ಕೆ. ಟೆಸ್ಟ್ ಪಂದ್ಯದಲ್ಲಿ ತ್ರಿಶತಕ ಹೊಡೆದ ಕರುಣ್ ನಾಯರ್ 50 ಲಕ್ಷಕ್ಕೆ ದಿಲ್ಲಿಗೆ. ಬೆಂಗಳೂರು ತಂಡದವರು ಕೊಂಡದ್ದು 2 ಕೋಟಿಗೆ ದೇವದತ್ತ ಪಡಿಕ್ಕಲ್ ಅವರನ್ನು, 30 ಲಕ್ಷಕ್ಕೆ ಮನೋಜ್ ಭಾಂಡಗೆ ಅವರನ್ನು. ಊರೆಲ್ಲ ನಮ್ಮ ಹುಡುಗರು, ನಮ್ಮ ಊರಲ್ಲಿ ಮಾತ್ರ ಪರದೇಶಿಗಳು ಎಂದು ಯಾರಾದರೂ ಕೊರಗಿದರೆ ಅರ್ಥವಾಗದ ಮಾತೇನಲ್ಲ.

ಅದರ ಫಲವನ್ನೂ ಕಂಡೆವು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಹುಲ್ ದಿಲ್ಲಿಯ ಪರವಾಗಿ ಔಟಾಗದೆ 93 ಓಟ ಹೊಡೆದು ಬೆಂಗಳೂರನ್ನು ಸೋಲಿಸಿದರು. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ನೆಲ ಎಂಬಂತೆ ಅದನ್ನು ಊರಿ ನಿಂತರು. 'ಕಾಂತಾರ' ಚಿತ್ರ ನೋಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸುರತ್ಕಲ್ಲಿನಲ್ಲಿ ಬೆಳೆದ ಹುಡುಗ ಬೆಂಗಳೂರನ್ನು ಸೋಲಿಸಿದಾಗ ಕನ್ನಡಿಗರು ಅಳಬೇಕೋ ನಗಬೇಕೋ? ಆ ವಾರ ನಮ್ಮ ವಾಚನಾಲಯದಲ್ಲಿ ಅರ್ಧ ಜನ ಹಿಗ್ಗಿದ್ದರು, ಅರ್ಧ ಜನ ಮುಖ ಊದಿಸಿಕೊಂಡಿದ್ದರು. "ನೀವು ಯಾವ ಪಕ್ಷ ಮಾರಾಯ್ರೆ?" ಎಂದು ಉಡುಪಿ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ನಾನು ರಾಹುಲನ ಪಕ್ಷ ಎಂದೆ.

ಇಷ್ಟಾದ ಮೇಲೆ ನಮ್ಮ ತರುಣ ಮಿತ್ರರು ಒಂದು ಬೇಡಿಕೆ ಮುಂದಿಡುತ್ತಾರೆ. ಬೆಂಗಳೂರು ತಂಡದಲ್ಲಿ ಇಂತಿಷ್ಟು ಮಂದಿ ಕನ್ನಡಿಗರು ಇರಲೇಬೇಕೆಂದು ನಿಯಮವಾಗಬೇಕಂತೆ. ಇಲ್ಲಿಯೇ ನಾನು ಅವರಿಂದ ಬೇರೆಯಾಗುವುದು. ಈ ಮಾತನ್ನು ಬೆಂಗಳೂರಿನಲ್ಲಿ ಕುಳಿತವರು ಆಡಲಿ. ಮುಂಬಯಿಯಲ್ಲಿ ಕುಳಿತ ನಾವು ಆಡಬಹುದೇ? 1966ರ ನಂತರದ ವರ್ಷಗಳನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಈ ಕೆಲಸ ಈ ಮಣ್ಣಿನ ಮಕ್ಕಳಿಗೆ, ದಕ್ಷಿಣದವರು ಗಂಟುಮೂಟೆ ಕಟ್ಟಿ ಎಂಬ ಕೂಗನ್ನು ಕೇಳಿದವರು, ನಮ್ಮ ಹೋಟೆಲುಗಳ ಗಾಜು ಪುಡಿಯಾದದ್ದನ್ನು ನೋಡಿದವರು ಅವರು. ಅಂದು ನಾವು ಕೊಟ್ಟ ಉತ್ತರವೇನು? ಕೆಲಸ ಬಲ್ಲವನಿಗೆ ಕೆಲಸ ಕೊಡಿ, ಊರು ಕೇಳಬೇಡಿ ಎಂದಲ್ಲವೇ? ದೋಸೆ ಹೊಯ್ಯುವವನಿಗೆ ಒಂದು ನ್ಯಾಯ, ಚೆಂಡು ಹೊಡೆಯುವವನಿಗೆ ಇನ್ನೊಂದು ನ್ಯಾಯ ಎಂದರೆ ನಮ್ಮ ಹಳೆಯ ಉತ್ತರವನ್ನು ನಾವೇ ಸುಳ್ಳು ಮಾಡಿದಂತಾಗುತ್ತದೆ.

ಈ ಊರು ನಮ್ಮವನೊಬ್ಬನಿಗೆ ಏನು ಮಾಡಿತೆಂದು ನೆನೆಯೋಣ. ಮೂಲ್ಕಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಬುಧಿ ಕುಂದರನ್ 1960ರ ಜನವರಿ 1ರಂದು ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ವಿರುದ್ಧ ಭಾರತದ ವಿಕೆಟ್ ಕೀಪರಾಗಿ ಇಳಿದಾಗ ಒಂದೂ ರಣಜಿ ಪಂದ್ಯ ಆಡಿರಲಿಲ್ಲ. ಆಯ್ಕೆ ಮಾಡಿದವರು ಊರು ಕೇಳಲಿಲ್ಲ, ಕೈ ನೋಡಿದರು. ಇಂಗ್ಲೆಂಡಿನ ವಿರುದ್ಧ 1964ರ ಸರಣಿಯಲ್ಲಿ ಅವರು ಮದರಾಸಿನ 192 ಸೇರಿ 525 ಓಟ ಗಳಿಸಿದರು. ನಿಯಮದ ಬಲದಿಂದ ಬಂದವರಲ್ಲ ಅವರು. ನೋಡುವ ಕಣ್ಣಿದ್ದುದರಿಂದ ಬಂದವರು.

ಇನ್ನು ಒಂದು ತಂಡ ಬಿಟ್ಟು ಇನ್ನೊಂದು ಸೇರುವುದು ಕರಾವಳಿಯವರಾದ ನಮಗೆ ಹೊಸತೇ? ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮಳೆಗಾಲವಿಡೀ ಊರಲ್ಲಿ ಅದೇ ಮಾತು. ಯಾವ ಭಾಗವತರು ಯಾವ ಮೇಳಕ್ಕೆ, ಯಾವ ಎರಡನೇ ವೇಷಕ್ಕೆ ಯಾವ ಯಜಮಾನರು ಮುಂಗಡ ಕೊಟ್ಟರು, ಯಾರ ಸ್ತ್ರೀವೇಷ ಯಾರ ಪುರುಷವೇಷಕ್ಕೆ ಜೋಡಿ! ಬಡಗಿನವರು ತೆಂಕಿಗೆ ಬಂದರೆ ಆಟ ಕೆಟ್ಟಿತೆಂದು ಯಾರೂ ಡೇರೆಯ ಟಿಕೇಟು ಹರಿದುಹಾಕಲಿಲ್ಲ. ವೇಷ ಚೆನ್ನಾಗಿದ್ದರೆ ಬೆಳಗಿನವರೆಗೆ ಕುಳಿತರು, ಇಲ್ಲವಾದರೆ ಚಾಪೆ ಸುತ್ತಿಕೊಂಡು ಮನೆಗೆ ಹೋದರು.

ಹಾಗಾದರೆ ಹರಾಜಿನಲ್ಲಿ ತಪ್ಪೇ ಇಲ್ಲವೇ? ಇದೆ, ಆದರೆ ತಪ್ಪು ಬೇರೆ. ಸಸೂನ್ ಡಾಕಿನಲ್ಲಿ ಬೆಳಗಿನ ಜಾವ ಮೀನು ಕೂಗುವವನು ಕಿವಿರು ಎತ್ತಿ ನೋಡಿ ಬೆಲೆ ಹೇಳುತ್ತಾನೆ. ಇಲ್ಲಿ ಕೂಗುವವರು ಎಷ್ಟೋ ಸಲ ಕಳೆದ ಸಲದ ಬೆಲೆಯನ್ನು ನೋಡಿ ಈ ಸಲದ ಬೆಲೆ ಹೇಳುತ್ತಾರೆ. ಇಂದೂರಿನ ರಜತ್ ಪಾಟೀದಾರ್ ಅವರನ್ನು 2022ರ ಹರಾಜಿನಲ್ಲಿ ಕೇಳುವವರೇ ಇರಲಿಲ್ಲ. ಬೆಂಗಳೂರು ತಂಡದಲ್ಲಿ ನಮ್ಮ ಲವ್ನೀತ್ ಸಿಸೋಡಿಯ ಗಾಯಗೊಂಡದ್ದರಿಂದ ಅವರ ಬದಲಿಗೆ 20 ಲಕ್ಷಕ್ಕೆ ಇವರು ಬಂದರು, ಆ ವರ್ಷವೇ ಲಖನೌ ವಿರುದ್ಧದ ಎಲಿಮಿನೇಟರಿನಲ್ಲಿ ಔಟಾಗದೆ 112 ಹೊಡೆದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿ, ಹದಿನೆಂಟು ವರ್ಷ ಕಾದ ಕಪ್ಪನ್ನು ಬೆಂಗಳೂರಿಗೆ ತಂದ ನಾಯಕರು ಅವರೇ. ಕನ್ನಡಿಗನ ಜಾಗಕ್ಕೆ ಹೊರಗಿನವನು ಎಂದು ಅಂದು ಗೇಟು ಮುಚ್ಚಿದ್ದರೆ?

ನಮ್ಮ ಹುಡುಗಿಯ ಕಥೆಯೂ ಇದೇ. ಮಹಿಳೆಯರ ಲೀಗಿನ ಮೊದಲ ಹರಾಜು 2023ರಲ್ಲಿ ಮುಂಬಯಿಯಲ್ಲೇ ನಡೆಯಿತು. ಶ್ರೇಯಾಂಕಾ ಪಾಟೀಲರ ಬೆಲೆ 10 ಲಕ್ಷ. ಮರುವರ್ಷ ಬೆಂಗಳೂರಿನ ಮಹಿಳೆಯರು ಕಪ್ ಗೆದ್ದಾಗ ಫೈನಲಿನಲ್ಲಿ 12 ಓಟಕ್ಕೆ 4 ವಿಕೆಟ್ ಕಿತ್ತು, ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದವರು ಅವರು. ಸುತ್ತಿಗೆ ಬಡಿದಾಗ ಬಂದ ಬೆಲೆ ಆಟಗಾರನ ಯೋಗ್ಯತೆಯಲ್ಲ. ಆ ಗಳಿಗೆಯಲ್ಲಿ ಕೊಳ್ಳುವವನ ಆಸೆ ಮತ್ತು ಅಂಜಿಕೆ ಅಷ್ಟೇ. ಬೆಂಗಳೂರು ತಂಡದ ಮೇಲೆ ನನ್ನ ಆಕ್ಷೇಪವೂ ಇದೇ. ಕನ್ನಡಿಗರನ್ನು ಕೊಳ್ಳಲಿಲ್ಲ ಎಂಬುದಕ್ಕಿಂತ, ಕೈಯಲ್ಲಿದ್ದವರನ್ನು ಗುರುತಿಸಲಿಲ್ಲ ಎಂಬುದು ದೊಡ್ಡ ತಪ್ಪು. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಷ್ ಪಾಂಡೆ. ಅದು 2009ರಲ್ಲಿ, ಬೆಂಗಳೂರಿನ ಪರವಾಗಿ. 2014ರ ಫೈನಲಿನಲ್ಲಿ ಅವರೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 94 ಹೊಡೆದು ಕಪ್ಪನ್ನು ಕೋಲ್ಕತ್ತಕ್ಕೆ ಕೊಟ್ಟರು. ಆ ವರ್ಷ ಎಲ್ಲರಿಗಿಂತ ಹೆಚ್ಚು ಓಟ ಗಳಿಸಿದ ರಾಬಿನ್ ಉತ್ತಪ್ಪ ಕೂಡ ಕೋಲ್ಕತ್ತದವರ ಜೊತೆಗಿದ್ದರು. ಇಬ್ಬರೂ ಒಂದು ಕಾಲಕ್ಕೆ ಬೆಂಗಳೂರಿನಲ್ಲಿದ್ದವರು.

ಆ ತಂಡದವರು ತಮ್ಮದೇ ಒಂದು ಹಾಲ್ ಆಫ್ ಫೇಮ್ ಆರಂಭಿಸಿದರು. 2022ರಲ್ಲಿ ಮೊದಲು ಸೇರಿಸಿದ ಇಬ್ಬರು ಡಿವಿಲಿಯರ್ಸ್ ಮತ್ತು ಗೇಲ್. ದೊಡ್ಡ ಆಟಗಾರರು, ತಕರಾರಿಲ್ಲ. 2024ರಲ್ಲಿ ದಾವಣಗೆರೆಯ ವಿನಯ್ ಕುಮಾರ್ ಸೇರಿದರು, ಸಂತೋಷ. ಆದರೆ 2009ರಲ್ಲಿ ಕೇಪ್‌ಟೌನಿನಲ್ಲಿ 5 ಓಟಕ್ಕೆ 5 ವಿಕೆಟ್ ಕಿತ್ತು, ತಂಡವನ್ನು ಫೈನಲಿಗೆ ಒಯ್ದು, ಅಲ್ಲಿ 16 ಓಟಕ್ಕೆ 4 ವಿಕೆಟ್ ಪಡೆದು, ಸೋತ ಪಕ್ಷದಲ್ಲಿದ್ದೂ ಪಂದ್ಯಪುರುಷನೆನಿಸಿದ ಅನಿಲ್ ಕುಂಬ್ಳೆ ಮೊದಲ ಮೂವರಲ್ಲಿ ಇಲ್ಲ. ಇಲ್ಲಿಂದ ನನ್ನ ಎರಡನೆಯ ವಿಷಯ ಆರಂಭವಾಗುತ್ತದೆ.

ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ 2009ರಲ್ಲಿ ಹಾಲ್ ಆಫ್ ಫೇಮ್ ಎಂಬ ಕೀರ್ತಿಪಟ್ಟಿಯನ್ನು ತೆರೆಯಿತು. ಪಟ್ಟಿಯಲ್ಲಿರುವ ಹಿರಿಯ ಆಟಗಾರರು, ಪತ್ರಕರ್ತರು, ಮಂಡಳಿಯವರು ಮತ ಹಾಕಿ ಹೊಸಬರನ್ನು ಆರಿಸುತ್ತಾರೆ. ಮೊದಲ ವರ್ಷವೇ ಬೇಡಿ, ಗಾವಸ್ಕರ್, ಕಪಿಲ್ ದೇವ್ ಇದ್ದರು. ಕುಂಬ್ಳೆ 2015ರಲ್ಲಿ, ದ್ರಾವಿಡ್ 2018ರಲ್ಲಿ, ತೆಂಡೂಲ್ಕರ್ 2019ರಲ್ಲಿ, ವಿನೂ ಮಂಕಡ್ 2021ರಲ್ಲಿ ಸೇರಿದರು. ನಮ್ಮ ಮುಂಬಯಿಯ ಡಯಾನಾ ಎಡುಲ್ಜಿ 2023ರಲ್ಲಿ, ಧೋನಿ 2025ರಲ್ಲಿ ಬಂದರು. 2025ರ ಪಟ್ಟಿಯವರೆಗೂ ಅದರಲ್ಲಿ ಗುಂಡಪ್ಪ ವಿಶ್ವನಾಥ್ ಇಲ್ಲ, ಚಂದ್ರಶೇಖರ್ ಇಲ್ಲ, ಪ್ರಸನ್ನ ಇಲ್ಲ. ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ, 1976ರಲ್ಲಿ ಪಟ್ನಾದಲ್ಲಿ ಮೊದಲ ಟೆಸ್ಟ್ ವಿಜಯ ತಂದ ಶಾಂತಾ ರಂಗಸ್ವಾಮಿ ಇಲ್ಲ. ಎಡುಲ್ಜಿಯವರಿಗೆ ಸಂದದ್ದು ಸಲ್ಲಬೇಕಾದ ಗೌರವ. ಅವರ ನಾಯಕಿಗೂ ಸಲ್ಲಬೇಕಲ್ಲವೇ?

ಅಂಕಿಗಳನ್ನೇ ಕೇಳುವವರಿಗೆ ಅಂಕಿಗಳನ್ನೇ ಕೊಡೋಣ. ಬೇಡಿ 67 ಟೆಸ್ಟುಗಳಲ್ಲಿ 266 ವಿಕೆಟ್ ಪಡೆದರು. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242. ಅದೂ ಪೋಲಿಯೋದಿಂದ ಸೊರಗಿದ ಕೈಯಿಂದ. 1971ರಲ್ಲಿ ಓವಲ್‌ನಲ್ಲಿ ಅವರು 38 ಓಟಕ್ಕೆ 6 ವಿಕೆಟ್ ಕಿತ್ತದ್ದರಿಂದ ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಬಾರಿಗೆ ಗೆದ್ದಿತು. ಪ್ರಸನ್ನ ಎಂಜಿನಿಯರಿಂಗ್ ಓದಿಗಾಗಿ ಐದು ವರ್ಷ ಟೆಸ್ಟ್ ಆಟದಿಂದ ದೂರವಿದ್ದೂ 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. ವಿಶ್ವನಾಥ್ 91 ಟೆಸ್ಟುಗಳಲ್ಲಿ 6080 ಓಟ, 14 ಶತಕ. ಆ ಹದಿನಾಲ್ಕರಲ್ಲಿ ಒಂದು ಪಂದ್ಯವನ್ನೂ ಭಾರತ ಸೋಲಲಿಲ್ಲ. ಸರಾಸರಿ 41.93 ಎಂದು ಮೂಗು ಮುರಿಯುವವರಿದ್ದಾರೆ. ಯಾವ ಪಿಚ್ಚಿನಲ್ಲಿ, ಯಾರ ಎದುರು ಎಂದು ಸರಾಸರಿ ಹೇಳುವುದಿಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್ ಎದುರು ಔಟಾಗದೆ ಹೊಡೆದ 97 ಅವರ ಶತಕಗಳ ಲೆಕ್ಕಕ್ಕೇ ಸೇರುವುದಿಲ್ಲ!

ಯಾವ ಲೆಕ್ಕಕ್ಕೂ ಸೇರದ ಇನ್ನೊಂದು ಸಂಗತಿಯಿದೆ. ಅದನ್ನು ನಾನು ಕಣ್ಣಾರೆ ಕಂಡೆ. 1980ರ ಫೆಬ್ರವರಿಯಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ವಾಂಖೆಡೆಯಲ್ಲಿ ನಡೆಯಿತು. ಸೂರ್ಯಗ್ರಹಣವೆಂದು ಎರಡನೆಯ ದಿನವೇ ಆಟಕ್ಕೆ ರಜೆ ಕೊಟ್ಟಿದ್ದರು. ನಾನಾಗ ಕೋಟೆ ವಿಭಾಗದ ಒಂದು ಕಚೇರಿಯಲ್ಲಿ ಕಾರಕೂನ. ಭಾನುವಾರ, ಯಾರೋ ಕೊಟ್ಟ ಪಾಸು, ಜೇಬಿನಲ್ಲಿ ಮನೆಯಿಂದ ಕಟ್ಟಿ ತಂದ ಚಪಾತಿ. ಇಂಗ್ಲೆಂಡ್ 58 ಓಟಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬೋಥಮ್ ಜೊತೆಗೆ ಬಾಬ್ ಟೇಲರ್. ಟೇಲರ್ ಕ್ಯಾಚಿತ್ತರೆಂದು ಅಂಪೈರರು ಬೆರಳೆತ್ತಿದರು. ಗ್ಯಾಲರಿಯಲ್ಲಿ ನಾವೆಲ್ಲ ಕುಣಿಯುತ್ತಿದ್ದೆವು. ಆಗ ನಮ್ಮ ನಾಯಕ ವಿಶ್ವನಾಥ್ ಸ್ಲಿಪ್ಪಿನಿಂದ ನಡೆದು ಬಂದು, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅಂಪೈರರಿಗೆ ಹೇಳಿ ಟೇಲರ್ ಅವರನ್ನು ವಾಪಸು ಕರೆಸಿದರು. ಆ ಜೋಡಿ 171 ಓಟ ಸೇರಿಸಿತು. ಬೋಥಮ್ 114 ಹೊಡೆದು ಒಟ್ಟು 13 ವಿಕೆಟನ್ನೂ ಕಿತ್ತರು. ನಾವು 10 ವಿಕೆಟ್ಟಿನಿಂದ ಸೋತೆವು. ವಿಶ್ವನಾಥ್ ಟೆಸ್ಟ್ ತಂಡದ ನಾಯಕರಾದದ್ದೇ ಎರಡು ಪಂದ್ಯಗಳಿಗೆ; ಅದು ಎರಡನೆಯದು.

ಅಂದು ಗ್ಯಾಲರಿಯಲ್ಲಿ ನಾನೂ ಬೈದೆ. ಲೋಕಲ್ಲಿನಲ್ಲಿ ಮನೆಗೆ ಹಿಂತಿರುಗುವಾಗ ಪಕ್ಕದಲ್ಲಿ ಕುಳಿತಿದ್ದ ಮರಾಠಿ ಹಿರಿಯರೊಬ್ಬರು, "ನಿಮ್ಮ ವಿಶಿ ಇಂದು ಪಂದ್ಯ ಸೋಲಬಹುದು, ಆದರೆ ಮನುಷ್ಯ ದೊಡ್ಡವನು" ಎಂದರು. ಆ ಹೊತ್ತಿಗೆ ನನ್ನ ಸಿಟ್ಟು ಇಳಿದಿರಲಿಲ್ಲ. ಇಂದು, ಇಷ್ಟು ವರ್ಷಗಳ ನಂತರ, ಆ ಪಂದ್ಯದ ಸ್ಕೋರು ನೋಡಲು ಪುಸ್ತಕ ತೆರೆಯಬೇಕು. ಅವರು ನಡೆದು ಬಂದ ಆ ನಾಲ್ಕು ಹೆಜ್ಜೆ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಕೀರ್ತಿಪಟ್ಟಿ ಇರುವುದು ಇಂಥದನ್ನು ನೆನಪಿಡುವುದಕ್ಕೆ ಅಲ್ಲವಾದರೆ ಮತ್ತೆ ಯಾಕೆ? ಓಟಗಳ ಲೆಕ್ಕ ಬರೆಯಲು ಗುಮಾಸ್ತ ಸಾಕು, ಮತದಾನ ಬೇಡ.

ಇದು ಮುಂಬಯಿಯವರಿಗೂ ನಮಗೂ ನಡುವಣ ಲೆಕ್ಕಾಚಾರವೆಂದು ಯಾರೂ ತಿಳಿಯಬಾರದು. ಕಾಣುವ ಕಣ್ಣಿದ್ದರೆ ಸನ್ಮಾನ ಹೇಗಿರುತ್ತದೆ ಎಂಬುದಕ್ಕೆ ಇದೇ ಊರಿನ ಪದ್ಮಾಕರ್ ಶಿವಾಲ್ಕರ್ ಸಾಕ್ಷಿ. 589 ಪ್ರಥಮ ದರ್ಜೆಯ ವಿಕೆಟ್ ಪಡೆದೂ, ಬೇಡಿಯವರ ಕಾಲದಲ್ಲಿ ಹುಟ್ಟಿದ ತಪ್ಪಿಗೆ ಒಂದು ಟೆಸ್ಟನ್ನೂ ಆಡದವರು. ಭಾರತೀಯ ಮಂಡಳಿ 2017ರಲ್ಲಿ ಅವರಿಗೂ ಹರಿಯಾಣದ ರಾಜಿಂದರ್ ಗೋಯಲ್ ಅವರಿಗೂ ಸಿ. ಕೆ. ನಾಯುಡು ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. ಟೆಸ್ಟ್ ಅಂಕಿಗಳ ಕಾಲಮ್ಮಿನಲ್ಲಿ ಇಬ್ಬರದೂ ಸೊನ್ನೆ. ಆದರೂ ಆ ಸಂಜೆಯ ಸನ್ಮಾನಕ್ಕಿಂತ ನ್ಯಾಯವಾದ ಸನ್ಮಾನವನ್ನು ನಾನು ಕಂಡಿಲ್ಲ.

ಸನ್ಮಾನದ ಅವಸರ ಏನು ಮಾಡಬಲ್ಲದೆಂದೂ ಕಂಡೆವು. 2025ರ ಜೂನ್ 4ರಂದು, ಕಪ್ ಗೆದ್ದ ಮರುದಿನವೇ, ಸಿದ್ಧತೆಯಿಲ್ಲದೆ ವಿಧಾನಸೌಧದಲ್ಲೊಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲೊಂದು ಸತ್ಕಾರ. ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಹೊರಗೆ ಹೆಣ ಬಿದ್ದಿರುವಾಗ ಒಳಗೆ ಹಾರ ಬಿದ್ದಿತು. ಹದಿನೆಂಟು ವರ್ಷ ಕಾದವರಿಗೆ ಹದಿನೆಂಟು ದಿನ ಕಾಯುವುದು ಆಗಲಿಲ್ಲವೇ?

ಇಷ್ಟೆಲ್ಲ ಬರೆದ ಮೇಲೆ ಕನ್ನಡಿ ನೋಡಿಕೊಳ್ಳದಿದ್ದರೆ ಅದು ಕಪಟವಾಗುತ್ತದೆ. ನಮ್ಮ ಸಂಘ ಸಂಸ್ಥೆಗಳ ವಾರ್ಷಿಕೋತ್ಸವದಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಯಾರಿಗೆ ಸಲ್ಲುತ್ತವೆ? ಸ್ಮರಣ ಸಂಚಿಕೆಗೆ ಪುಟದ ಜಾಹೀರಾತು ಕೊಟ್ಟವರಿಗೆ, ಸಭಾಗೃಹದ ಪಂಖಕ್ಕೆ ಹೆಸರು ಬರೆಸಿದವರಿಗೆ. ಇದಲ್ಲವೇ ಹರಾಜು? ಅಲ್ಲಿ ಸುತ್ತಿಗೆ ಬಡಿಯುತ್ತಾರೆ, ಇಲ್ಲಿ ಚಪ್ಪಾಳೆ ಬಡಿಯುತ್ತೇವೆ, ಭೇದ ಅಷ್ಟೇ. ದಾನಿಗಳಿಲ್ಲದೆ ಸಂಘ ನಡೆಯದು, ಅವರಿಗೆ ಕೃತಜ್ಞತೆ ಹೇಳಲೇಬೇಕು. ಆದರೆ ಕೃತಜ್ಞತೆ ಬೇರೆ, ಸನ್ಮಾನ ಬೇರೆ.

ಹಿಂದೆ ನಾನು ಒಂದು ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿದ್ದೆ. ಅಲ್ಲಿ ಒಬ್ಬರು ಮಾಸ್ತರರಿದ್ದರು. ರಾತ್ರಿಶಾಲೆಯಲ್ಲಿ ಪಾಠ, ಭಾನುವಾರ ಮೈದಾನದಲ್ಲಿ ಕ್ರಿಕೆಟ್. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರನ್ನು ಕರೆದು ತಂದು ಬ್ಯಾಟ್ ಹಿಡಿಯಲು ಕಲಿಸಿದವರು. ಮ್ಯಾಟ್ ಹೊತ್ತು ತಂದು ಹಾಸುವವರೂ ಅವರೇ, ಸ್ಕೋರು ಬರೆಯುವವರೂ ಅವರೇ. ಮೂವತ್ತು ವರ್ಷಗಳ ಪಂದ್ಯಗಳು ಅವರ ಕೈಬರಹದಲ್ಲಿ ಉದ್ದ ಲೆಕ್ಕದ ಪುಸ್ತಕಗಳಲ್ಲಿದ್ದವು. ಒಂದು ವರ್ಷ ಅವರ ಹೆಸರನ್ನು ಸನ್ಮಾನಕ್ಕೆ ಯಾರೋ ಸೂಚಿಸಿದರು. "ಈ ಸಲ ವೇದಿಕೆಯಲ್ಲಿ ಜಾಗವಿಲ್ಲ, ಮುಂದಿನ ಸಲ ನೋಡೋಣ" ಎಂದರು ಅಧ್ಯಕ್ಷರು. ಒಪ್ಪಿದವರು ಕೈ ಎತ್ತಿರಿ ಎಂದಾಗ ಎದ್ದ ಕೈಗಳಲ್ಲಿ ನನ್ನದೂ ಒಂದು. ಆ ಸಂಜೆ ಮಾಸ್ತರರು ಸಭಾಗೃಹದಲ್ಲಿ ಕುರ್ಚಿ ಸರಿಪಡಿಸುತ್ತಿದ್ದರು. ಮುಂದಿನ ಸಲ ಬರುವ ಮೊದಲೇ ತೀರಿಕೊಂಡರು. ಅವರ ಲೆಕ್ಕದ ಪುಸ್ತಕಗಳು ಈಗ ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ವಿಶ್ವನಾಥರಿಗೆ ಮತ ಹಾಕದ ಲಂಡನ್ನು, ದುಬೈಗಳ ಮಹನೀಯರನ್ನು ಬೈಯುವಾಗಲೆಲ್ಲ ಎತ್ತಿದ ನನ್ನ ಆ ಕೈ ನೆನಪಾಗುತ್ತದೆ.

ಆದ್ದರಿಂದ ನನ್ನ ಸೂಚನೆ ಸರಳವಾದದ್ದು. ಬರುವ ವಾರ್ಷಿಕೋತ್ಸವದಿಂದ ನಮ್ಮ ಸಂಘದಲ್ಲಿ ಒಂದೇ ಒಂದು ಸನ್ಮಾನವನ್ನಾದರೂ ಹಣಕ್ಕೂ ಹುದ್ದೆಗೂ ಸಂಬಂಧವಿಲ್ಲದೆ ಇಡಬೇಕು. ಹೆಸರನ್ನು ಯಾವ ಸದಸ್ಯರೂ ಸೂಚಿಸಬಹುದು, ಆದರೆ ಬರವಣಿಗೆಯಲ್ಲಿ, ಕಾರಣ ಸಹಿತ. ಆ ಕಾರಣಗಳನ್ನು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಬೇಕು. ಆಯ್ಕೆ ಮಾಡುವವರು ಯಾರಿಗೆ, ಯಾಕೆ ಮತ ಹಾಕಿದೆವೆಂದು ಬಹಿರಂಗವಾಗಿ ಹೇಳಬೇಕು. ಅಂಪೈರ್ ಬೆರಳೆತ್ತುವುದು ಎಲ್ಲರ ಎದುರಲ್ಲಿ ತಾನೆ?

ತರುಣ ಮಿತ್ರರಿಗೂ ಒಂದು ಮಾತು. ಹರಾಜಿನ ದಿನ ರಾತ್ರಿ ಹನ್ನೆರಡರವರೆಗೆ ಟಿವಿ ನೋಡಿ ಯಾರ ಬೆಲೆ ಎಷ್ಟೆಂದು ಬಾಯಿಪಾಠ ಹೇಳುವ ನಿಮ್ಮ ಮಕ್ಕಳಿಗೆ ಬುಧಿ ಕುಂದರನ್ ಯಾರೆಂದು ಗೊತ್ತಿದೆಯೇ? ಚಂದ್ರಶೇಖರರ ಕೈ ಗೊತ್ತಿದೆಯೇ? ಚರ್ಚ್‌ಗೇಟಿನಲ್ಲಿ ಇಳಿದು ಬ್ರೆಬೋರ್ನಿನ ಹೊರಗೆ ನಿಂತು, ಮೂಲ್ಕಿಯ ಹುಡುಗನೊಬ್ಬ ಇಲ್ಲಿಂದ ಆರಂಭಿಸಿದ, ನಾಲ್ಕು ವರ್ಷದ ಮೇಲೆ ಮೈಸೂರಿನ ಚಂದ್ರಶೇಖರರೂ ಇಲ್ಲೇ ಆರಂಭಿಸಿದರು, 1973ರಲ್ಲಿ ಇಲ್ಲೇ ಶತಕ ಹೊಡೆದ ವಿಶ್ವನಾಥರನ್ನು ಎದುರಾಳಿ ಟೋನಿ ಗ್ರೆಗ್ ಮಗುವಿನಂತೆ ಎತ್ತಿ ತೂಗಿದ ಎಂದು ಹೇಳಿ. ಅದಕ್ಕೆ ಯಾರ ಮತವೂ ಬೇಕಾಗಿಲ್ಲ, ಟಿಕೇಟೂ ಬೇಕಾಗಿಲ್ಲ.

ನಿಮ್ಮ ಸೂಚನೆಗಳನ್ನು ಸಂಪಾದಕರಿಗೆ ಬರೆಯಿರಿ. ಮೊದಲನೆಯ ಚೀಟಿ ನಾನೇ ಬರೆದು ಕೊಡುತ್ತಿದ್ದೇನೆ. ಅದರಲ್ಲಿರುವುದು ಮಾಸ್ತರರ ಹೆಸರು. ತೀರಿಕೊಂಡವರಿಗೆ ಶಾಲು ಹೊದೆಸಲಾಗದು, ಬಲ್ಲೆ. ಹೆಸರನ್ನಾದರೂ ಒಮ್ಮೆ ವೇದಿಕೆಯಿಂದ ಗಟ್ಟಿಯಾಗಿ ಓದಬಹುದಲ್ಲ.